ಬೇಕೆಂದೇ ಎಂಜಿನ್ ಆರಿಸುವವರು

(ಜಯನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸದ ಮೊದಲ ಕಾಲು ಗಂಟೆ ಸಾಮಾನ್ಯವಾಗಿ ದತ್ತಿ ಇಟ್ಟವರ ಗುಣಗಾನಕ್ಕೆ ಹೋಗುತ್ತದೆ. ಈ ದತ್ತಿ ಇಟ್ಟ ಹಿರಿಯರು ತಮ್ಮ ಹೆಸರನ್ನು ವೇದಿಕೆಯ ಮೇಲೆ ಎತ್ತಕೂಡದೆಂದು ಕರಾರು ಹಾಕಿದ್ದಾರೆ. ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಎಂಬಷ್ಟನ್ನು ಹೇಳಲು ಅಪ್ಪಣೆಯಿದೆ. ವಿಷಯ ಸೂಚಿಸಿದವರೂ ಅವರೇ: ಪ್ರಯಾಣಿಕರ ವಿಮಾನವನ್ನು ಪ್ರಯಾಣಿಕರಿಗಿಂತ ಮೊದಲು ಹಾರಿಸಿ ನೋಡುವ ಟೆಸ್ಟ್ ಪೈಲಟ್‌ಗಳ ಕಸುಬು ಮತ್ತು ಅದರ ಅಪಾಯ. ನಾನು ವಿಮಾನ ಓಡಿಸಿದವನಲ್ಲ, ವಿಜ್ಞಾನ ಬರೆಯುವವನು. ಕಾಕ್‌ಪಿಟ್ಟಿನ ರೋಮಾಂಚನ ನನ್ನಿಂದ ಬರುವುದಿಲ್ಲ. ನನಗೆ ಓದಲು ಬರುವುದು ಕಾಗದ. ಈ ಕಸುಬಿನ ಅಪಾಯದ ದೊಡ್ಡ ಪಾಲು ಅಡಗಿರುವುದೂ ನೆಲದ ಮೇಲೆ ಯಾರೋ ಬರೆದ ಕಾಗದದಲ್ಲಿ ಎಂಬುದೇ ಇವತ್ತಿನ ನನ್ನ ವಾದ.

ಜಯನಗರದಲ್ಲಿ ಈ ಮಾತು ಯಾಕೆ ಎಂದು ಕೇಳುವವರು ಇಲ್ಲಿ ಕಡಿಮೆ. ನಮ್ಮ ಅಡ್ಡರಸ್ತೆಗಳಲ್ಲಿ ಎಚ್‌ಎಎಲ್, ಎನ್‌ಎಎಲ್, ಇಸ್ರೊ ಪಿಂಚಣಿದಾರರಿಲ್ಲದ ರಸ್ತೆ ಹುಡುಕುವುದು ಕಷ್ಟ. 2008ರ ಮೇ ತಿಂಗಳವರೆಗೆ ಊರಿಗೆ ಬರುವ ಪ್ರಯಾಣಿಕರ ವಿಮಾನಗಳೆಲ್ಲ ಎಚ್‌ಎಎಲ್ ನಿಲ್ದಾಣದಲ್ಲೇ ಇಳಿಯುತ್ತಿದ್ದವು. ಅವೆಲ್ಲ ದೇವನಹಳ್ಳಿಗೆ ಹೋದ ಮೇಲೂ ಹಳೆಯ ರನ್‌ವೇ ಖಾಲಿ ಬೀಳಲಿಲ್ಲ. ಇನ್ನೂ ಪ್ರಮಾಣಪತ್ರ ಸಿಗದ ವಿಮಾನಗಳು ಅಲ್ಲಿಂದ ಏಳುವುದು, ಇಳಿಯುವುದು ನಡೆದೇ ಇದೆ.

ಆ ರನ್‌ವೇಯ ಕಥೆ ಶುರುವಾಗುವುದು 1940ರ ಡಿಸೆಂಬರಿನಲ್ಲಿ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ, ಅಂದರೆ ಎಚ್‌ಎಎಲ್, ಕಟ್ಟಿದರು. ಯುದ್ಧದ ನಡುವೆ ಅದು ಅಮೆರಿಕದ ಸೇನಾ ವಿಮಾನಗಳ ರಿಪೇರಿ ಅಂಗಳವಾಯಿತು. ಯುದ್ಧ ಮುಗಿದದ್ದೇ ತಡ, ಸೇನೆಗೆ ಬೇಡವಾದ ಡಕೋಟಾ ವಿಮಾನಗಳು ಅಗ್ಗಕ್ಕೆ ಸಿಕ್ಕವು, ದೇಶದ ತುಂಬ ಹೊಸ ಏರ್‌ಲೈನ್ ಕಂಪನಿಗಳು ತಲೆಯೆತ್ತಿದವು. ಸೈನಿಕರು ಕೂತಿದ್ದ ಬೆಂಚು ಕಿತ್ತು ಸೀಟು ಹಾಕಿ, ಎಂಜಿನ್ ಬಿಚ್ಚಿ ಕೂಡಿಸಿ ಅವನ್ನು ನಾಗರಿಕ ವಿಮಾನ ಮಾಡಿಕೊಡುವ ಕೆಲಸ ಬೆಂಗಳೂರಿಗೆ ಬಂತು. ಹಾಗೆ ಕೂಡಿಸಿದ ವಿಮಾನವನ್ನು ಯಾರಾದರೊಬ್ಬರು ಮೊದಲು ಮೇಲಕ್ಕೆ ಒಯ್ದು ನೋಡಲೇಬೇಕು. ಪ್ರಯಾಣಿಕ ವಿಮಾನದ ಪರೀಕ್ಷಾ ಹಾರಾಟ ನಮ್ಮೂರಲ್ಲಿ ಹುಟ್ಟಿದ್ದು ಹೀಗೆ, ಯಾವ ಸಮಾರಂಭವೂ ಇಲ್ಲದೆ.

ಆ ಕಾಲದ ಹೆಸರು ಜೆ.ಕೆ. ಮುನ್ಶಿ, ಎಚ್‌ಎಎಲ್‌ನ ಮುಖ್ಯ ಟೆಸ್ಟ್ ಪೈಲಟ್. ಜಿಮ್ಮಿ ಮುನ್ಶಿ ಎಂದೇ ಎಲ್ಲರೂ ಕರೆಯುತ್ತಿದ್ದರು. ಕಾನ್ಪುರದಲ್ಲಿ ಮಿತ್ರಪಡೆಗಳು ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳಿದ್ದವು. ಮತ್ತೆ ಹಾರಬಾರದೆಂದು ಅವನ್ನು ಹೊಡೆದು ಕೆಡಿಸಿಯೇ ಹೋಗಿದ್ದರು. ಎಚ್‌ಎಎಲ್‌ನವರು ಅಲ್ಲಿಗೇ ಹೋಗಿ, ಬೆಂಗಳೂರು ಮುಟ್ಟುವಷ್ಟು ಮಟ್ಟಿಗೆ ತೇಪೆ ಹಾಕಿದರು. ಮುನ್ಶಿ ಅವನ್ನು ಒಂದೊಂದಾಗಿ ಹಾರಿಸಿ ತಂದರು. 1951ರ ಆಗಸ್ಟಿನಲ್ಲಿ ವಿ.ಎಂ. ಘಾಟಗೆ ವಿನ್ಯಾಸದ ಎಚ್‌ಟಿ-2 ವಿಮಾನ ಮೊದಲ ಬಾರಿ ಮೇಲೆದ್ದಾಗ ಅದರೊಳಗೆ ಕೂತಿದ್ದವರೂ ಅವರೇ.

ಮುಂದಿನ ಹೆಸರು ನಿಮಗೆಲ್ಲ ಗೊತ್ತು, ಮನುಷ್ಯರಾಗಿ ಅಲ್ಲದಿದ್ದರೂ ರಸ್ತೆಯಾಗಿ. ಹಳೆ ಮದರಾಸು ರಸ್ತೆಯಿಂದ ಹಳೆ ವಿಮಾನ ನಿಲ್ದಾಣದ ಕಡೆಗೆ ಹೋಗುವ ಸುರಂಜನ್ ದಾಸ್ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತು ಬೈದುಕೊಳ್ಳದ ಬೆಂಗಳೂರಿಗ ಯಾರಿದ್ದಾರೆ? ದಾಸ್ ಇಂಗ್ಲೆಂಡಿನ ಎಂಪೈರ್ ಟೆಸ್ಟ್ ಪೈಲಟ್ಸ್ ಶಾಲೆಯಲ್ಲಿ ಕಲಿತು ಬಂದವರು. ಜರ್ಮನಿಯ ಕುರ್ಟ್ ಟ್ಯಾಂಕ್ ಇಲ್ಲಿ ಕೂತು ಮರುತ್ ಯುದ್ಧವಿಮಾನ ರೂಪಿಸುವಾಗ ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿಸಿದರು. ಎಂಜಿನ್ ಇಲ್ಲದ ಆ ಗ್ಲೈಡರನ್ನು ಡಕೋಟಾ ಮೇಲಕ್ಕೆಳೆದು ಬಿಡುತ್ತಿತ್ತು. 1959ರಿಂದ ಹತ್ತಾರು ಹಾರಾಟ ಹಾಗೆ ನಡೆದವು. ನಿಜವಾದ ಮರುತ್ ಹಾರಿದ್ದು 1961ರ ಜೂನ್ 17ರಂದು, ದಾಸ್ ಕೈಯಲ್ಲಿ. 1970ರ ಜನವರಿ 10ರಂದು ಅದೇ ಮರುತ್‌ನ ಸುಧಾರಿತ ಮಾದರಿಯೊಂದು ಟೇಕಾಫ್ ಆದ ಕ್ಷಣಗಳಲ್ಲೇ ಬಿತ್ತು. ದಾಸ್ ತೀರಿಕೊಂಡರು. ಆಗ ಅವರಿಗೆ ಐವತ್ತರ ಆಸುಪಾಸು. ಟೆಸ್ಟ್ ಪೈಲಟ್ ಎಂದರೆ ಬಿಸಿರಕ್ತದ ಹುಡುಗ ಎಂದು ಸಿನಿಮಾ ನೋಡಿ ನಂಬಿಕೊಂಡವರು ಈ ವಯಸ್ಸನ್ನು ಗಮನಿಸಬೇಕು.

ಮರುತ್ ಯುದ್ಧವಿಮಾನ, ಒಬ್ಬರೇ ಕೂರುವಂಥದ್ದು. ಪ್ರಯಾಣಿಕರ ವಿಮಾನದ ಪರೀಕ್ಷೆ ಬೇರೆ ಜಾತಿಯದು. ಯುದ್ಧವಿಮಾನದಲ್ಲಿ ಕೇಳುವ ಪ್ರಶ್ನೆ, ಇದು ಎಷ್ಟು ಮಾಡಬಲ್ಲದು ಎಂದು. ಪ್ರಯಾಣಿಕರ ವಿಮಾನದಲ್ಲಿ ಕೇಳುವುದು, ಕೆಟ್ಟಾಗ ಇದು ಹೇಗೆ ನಡೆದುಕೊಳ್ಳುತ್ತದೆ ಎಂದು. ಉತ್ತರ ಬೇಕಾದರೆ ಅದನ್ನು ಬೇಕೆಂದೇ ಕೆಡಿಸಬೇಕು. ಮೈಸೂರಿಗೋ ಕಲಬುರಗಿಗೋ ಹೋಗುವ ಎರಡು ಪ್ರೊಪೆಲ್ಲರಿನ ವಿಮಾನದಲ್ಲಿ ನೀವು ಕೂತಿದ್ದೀರಿ ಎನ್ನಿ. ಅದು ರನ್‌ವೇ ಮೇಲೆ ಓಡುವಾಗ ಪೈಲಟ್ ಒಂದು ವೇಗವನ್ನು ಬಾಯಿಬಿಟ್ಟು ಹೇಳುತ್ತಾನೆ: ವಿ-1. ಅದಕ್ಕೆ ಮೊದಲು ಎಂಜಿನ್ ಕೈಕೊಟ್ಟರೆ ಬ್ರೇಕು, ದಾಟಿದ ಮೇಲೆ ಕೈಕೊಟ್ಟರೆ ಒಂದೇ ಎಂಜಿನ್‌ನಲ್ಲಿ ಮೇಲೇಳುವುದು. ಈ ವೇಗ ಬರೇ ಲೆಕ್ಕದಿಂದ ಬಂದದ್ದಲ್ಲ. ಪರೀಕ್ಷೆಯ ದಿನಗಳಲ್ಲಿ ಯಾರೋ ಆ ವೇಗದಲ್ಲಿ ನಿಜವಾಗಿ ಒಂದು ಎಂಜಿನ್ ಕಡಿದು, ಪಕ್ಕಕ್ಕೆ ವಾಲುವ ವಿಮಾನವನ್ನು ಕಾಲಲ್ಲಿ ತಡೆದು, ಮೇಲಕ್ಕೆ ಒಯ್ದಿದ್ದಾರೆ. ಇನ್ನೊಂದು ಪರೀಕ್ಷೆಯಲ್ಲಿ ಸವೆದ ಬ್ರೇಕುಗಳನ್ನೇ ಹಾಕಿ, ಪೂರ್ತಿ ಭಾರ ಹೇರಿ, ಓಟದ ತುದಿಯಲ್ಲಿ ಬ್ರೇಕು ಅದುಮುತ್ತಾರೆ. ಚಕ್ರದ ಒಳಗಿನ ಬ್ರೇಕು ಕೆಂಡವಾಗುತ್ತದೆ, ಟಯರಿನ ಗಾಳಿ ತಾನಾಗಿ ಇಳಿಯುತ್ತದೆ. ಬೆಂಕಿ ಆರಿಸುವವರು ಐದು ನಿಮಿಷ ಹತ್ತಿರ ಬರುವಂತಿಲ್ಲ. ನಿಜವಾದ ಅವಘಡದಲ್ಲಿ ಅವರು ಬರಲು ಅಷ್ಟು ಹೊತ್ತು ಹಿಡಿದೀತು ಎಂಬ ಲೆಕ್ಕ. ಅಷ್ಟು ಹೊತ್ತೂ ಪೈಲಟ್‌ಗಳು ಒಳಗೇ ಇರುತ್ತಾರೆ. ಮೂರನೆಯದರಲ್ಲಿ ವಿಮಾನದ ಬಾಲ ನೆಲಕ್ಕೆ ತಾಗಿ ಕಿಡಿ ಹಾರುವಷ್ಟು ಮೂಗು ಎತ್ತಿ, ಅತಿ ಕಡಿಮೆ ವೇಗದಲ್ಲಿ ನೆಲ ಬಿಡುವುದು ಯಾವಾಗ ಎಂದು ನೋಡುತ್ತಾರೆ.

ಇದಕ್ಕೆಲ್ಲ ಮೂಲ ಒಂದು ಹಾಳೆ. ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಅದನ್ನು ಕಾರ್ಡ್ ಎಂದೇ ಕರೆಯುತ್ತಾರೆ. ಅಂಗೈಗಿಂತ ಸ್ವಲ್ಪ ದೊಡ್ಡದು, ತೊಡೆಗೆ ಪಟ್ಟಿ ಬಿಗಿದ ಪುಟ್ಟ ಹಲಗೆಗೆ ಸಿಕ್ಕಿಸಿರುತ್ತಾರೆ. ಮೇಲೆ ಪರೀಕ್ಷೆಯ ಸಂಖ್ಯೆ, ಅದರ ಕೆಳಗೆ ಎತ್ತರ, ವೇಗ, ಭಾರ, ಫ್ಲ್ಯಾಪ್ ಎಷ್ಟು ಇಳಿದಿರಬೇಕು ಎಂಬ ವಿವರ. ಆಮೇಲೆ ಮಾಡಬೇಕಾದ ಕ್ರಮ, ಒಂದು ಸಾಲಿಗೆ ಒಂದೇ ಕೆಲಸ. ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದ ಸಾಲು: ಏನಾದರೆ ಪರೀಕ್ಷೆ ನಿಲ್ಲಿಸಬೇಕು. ಮೇಲೆ ಪೈಲಟ್ ಓದುವುದನ್ನೇ ಕೆಳಗೆ ಟೆಲಿಮೆಟ್ರಿ ಕೋಣೆಯಲ್ಲಿ ಕೂತ ಎಂಜಿನಿಯರುಗಳೂ ಓದುತ್ತಿರುತ್ತಾರೆ. ಕಾರ್ಡಿನಲ್ಲಿ ಇಲ್ಲದ್ದನ್ನು ಮಾಡುವ ಪೈಲಟ್‌ಗೆ ಈ ಕಸುಬಿನಲ್ಲಿ ಮರ್ಯಾದೆ ಕಡಿಮೆ. 1955ರಲ್ಲಿ ಬೋಯಿಂಗ್‌ನ ಟೆಕ್ಸ್ ಜಾನ್‌ಸ್ಟನ್ 707ರ ಮೂಲಮಾದರಿಯನ್ನು ಸಿಯಾಟಲ್‌ನ ಸರೋವರದ ಮೇಲೆ ಮಗುಚಿ ಉರುಳಿಸಿ ಜನರನ್ನು ಬೆಚ್ಚಿಬೀಳಿಸಿದ. ಎಲ್ಲರೂ ಹೇಳುವುದು ಆ ಕಥೆಯನ್ನೇ. ನನಗೆ ಅವನ ಕಥೆಗಿಂತ ಮೈಕ್ ಲಿತ್‌ಗೋ ಎಂಬ ಇನ್ನೊಬ್ಬನ ಕಥೆ ಹೆಚ್ಚು ಬೆಲೆಯುಳ್ಳದ್ದು.

ಲಿತ್‌ಗೋ 1953ರಲ್ಲಿ ಸ್ವಿಫ್ಟ್ ಯುದ್ಧವಿಮಾನದಲ್ಲಿ ಲಿಬಿಯಾದ ಮರುಭೂಮಿಯ ಮೇಲೆ ವೇಗದ ವಿಶ್ವದಾಖಲೆ ಮಾಡಿದ ಪೈಲಟ್. ಹತ್ತು ವರ್ಷದ ಮೇಲೆ, 1963ರ ಅಕ್ಟೋಬರ್ 22ರಂದು, ಬಿಎಸಿ ಒನ್-ಇಲೆವೆನ್ ಎಂಬ ಹೊಸ ಪ್ರಯಾಣಿಕ ಜೆಟ್ಟಿನಲ್ಲಿ ಅವನು ಮಾಡುತ್ತಿದ್ದದ್ದು ತದ್ವಿರುದ್ಧ ಕೆಲಸ: ವೇಗ ತಗ್ಗಿಸುತ್ತ ಹೋಗಿ, ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವ ಸ್ಟಾಲ್ ಹಂತವನ್ನು ಮುಟ್ಟಿ ನೋಡುವುದು. ಆ ವಿಮಾನದ ಎಂಜಿನ್‌ಗಳು ಹಿಂಭಾಗದಲ್ಲಿ, ಬಾಲದ ಅಡ್ಡರೆಕ್ಕೆ ಕಂಬದ ತುತ್ತತುದಿಯಲ್ಲಿ, ಇಂಗ್ಲಿಷಿನ ‘ಟಿ’ ಅಕ್ಷರದ ಹಾಗೆ. ಮೂಗು ಎತ್ತಿದಾಗ ಮುಂದಿನ ರೆಕ್ಕೆಯಿಂದ ಬಿಡಿಸಿಕೊಂಡ ಕದಡಿದ ಗಾಳಿ ನೇರವಾಗಿ ಆ ಬಾಲವನ್ನು ಮುಚ್ಚಿತು. ಮೂಗು ಇಳಿಸಬೇಕಾದ ಬಾಲಕ್ಕೇ ಹಿಡಿತ ಸಿಗಲಿಲ್ಲ. ವಿಮಾನ ಮಲಗಿದ ಭಂಗಿಯಲ್ಲೇ ನೆಲಕ್ಕೆ ಬಿತ್ತು. ಒಳಗಿದ್ದ ಏಳೂ ಮಂದಿ ಹೋದರು. ಡೀಪ್ ಸ್ಟಾಲ್ ಎಂದು ಇವತ್ತು ಪಠ್ಯಪುಸ್ತಕದಲ್ಲಿರುವ ಆ ಗುಂಡಿಯ ಆಳ ಆವತ್ತು ಯಾವ ಕಾರ್ಡಿನಲ್ಲೂ ಇರಲಿಲ್ಲ. ಅಲ್ಲಿಂದ ಮುಂದೆ ಅಂಥ ವಿಮಾನಗಳಲ್ಲಿ ಸ್ಟಾಲ್ ಸಮೀಪಿಸುತ್ತಿದ್ದಂತೆ ಕಂಟ್ರೋಲ್ ದಂಡವನ್ನು ತಾನೇ ಮುಂದಕ್ಕೆ ತಳ್ಳುವ ಸಾಧನ ಬಂತು. ಇಷ್ಟಾಗಿಯೂ ಮೂರೇ ವರ್ಷದಲ್ಲಿ, 1966ರ ಜೂನ್ 3ರಂದು, ಟ್ರೈಡೆಂಟ್ ಎಂಬ ವಿಮಾನ ಪರೀಕ್ಷೆಯಲ್ಲಿ ಅದೇ ಗುಂಡಿಗೆ ಬಿದ್ದು ನಾಲ್ವರನ್ನು ಬಲಿ ತೆಗೆದುಕೊಂಡಿತು.

ಪೈಲಟ್ ಎಷ್ಟೇ ಜಾಣನಾದರೂ ಹಾರಿ ಕಂಡುಹಿಡಿಯಲಾಗದ ದೋಷಗಳೂ ಇವೆ. ಜಗತ್ತಿನ ಮೊದಲ ಪ್ರಯಾಣಿಕ ಜೆಟ್ ಕಾಮೆಟ್. ಅದನ್ನು 1949ರ ಜುಲೈ 27ರಂದು ಮೊದಲು ಹಾರಿಸಿದ ಜಾನ್ ಕನಿಂಗ್‌ಹ್ಯಾಮ್‌ಗೆ ಅಂದು 32 ತುಂಬಿದ ಹುಟ್ಟುಹಬ್ಬ. ಕಾಮೆಟ್‌ನ ನಡೆಯಲ್ಲಿ ಅವನು ಹುಡುಕಬಹುದಾದ್ದನ್ನೆಲ್ಲ ಹುಡುಕಿದ. ಆದರೆ ವಿಮಾನದ ಹೊಟ್ಟೆಯೊಳಗೆ ಗಾಳಿಯೊತ್ತಡ ಸಾವಿರಾರು ಸಲ ಏರಿ ಇಳಿದ ಮೇಲೆ ತಗಡು ದಣಿದು ಬಿರಿಯುವುದನ್ನು ಪರೀಕ್ಷೆಯ ತಿಂಗಳುಗಳಲ್ಲಿ ಯಾರೂ ಕಾಣಲಾರರು. 1953ರ ಮೇ 2ರಂದು, ಕಾಮೆಟ್ ಸೇವೆ ಶುರುವಾದ ಮೊದಲ ವಾರ್ಷಿಕೋತ್ಸವದ ದಿನವೇ, ಕಲ್ಕತ್ತದ ಡಂಡಂನಿಂದ ಎದ್ದ ಕಾಮೆಟ್ ಬಿರುಗಾಳಿಗೆ ಸಿಕ್ಕಿ ಮುರಿದು 43 ಜನ ಸತ್ತರು. ಅದನ್ನು ಗಾಳಿಮಳೆಯ ಲೆಕ್ಕಕ್ಕೆ ಬರೆದರು. 1954ರಲ್ಲಿ ಇಟಲಿಯ ಸಮುದ್ರಕ್ಕೆ ಇನ್ನೆರಡು ಬಿದ್ದವು. ಕೊನೆಗೆ ಫಾರ್ನ್‌ಬರೋದಲ್ಲಿ ಒಂದು ಇಡೀ ಕಾಮೆಟ್‌ನ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒತ್ತಡ ಏರಿಸಿ ಇಳಿಸಿ, ಸುಮಾರು 3,000 ಹಾರಾಟಕ್ಕೆ ಸಮನಾದಾಗ ಅದು ಬಾಯಿಬಿಟ್ಟಿತು.

ಇನ್ನು ನಮ್ಮ ಮನೆಯ ವಿಷಯ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವಿಮಾನ ಸಂಶೋಧನೆಯ ರಾಷ್ಟ್ರೀಯ ಪ್ರಯೋಗಾಲಯ ಎನ್‌ಎಎಲ್ 1959ರಲ್ಲಿ ದೆಹಲಿಯಲ್ಲಿ ಹುಟ್ಟಿ ಮರುವರ್ಷ ಬೆಂಗಳೂರಿಗೆ ಬಂತು. ಇಲ್ಲಿ ಅದರ ಮೊದಲ ಕಚೇರಿ ಜಯಮಹಲ್ ಅರಮನೆಯ ಕುದುರೆಲಾಯದಲ್ಲಿ. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಎಂಬತ್ತರ ದಶಕದಲ್ಲಿ, ಸಣ್ಣ ಊರುಗಳನ್ನು ಜೋಡಿಸುವ ಪುಟ್ಟ ಪ್ರಯಾಣಿಕ ವಿಮಾನವನ್ನು ನಾವೇ ಮಾಡಬಾರದೇಕೆ ಎಂಬ ಯೋಚನೆ ಗಟ್ಟಿಯಾಯಿತು. ತೊಂಬತ್ತರ ಆರಂಭದಲ್ಲಿ ರಷ್ಯದ ಮ್ಯಾಸಿಶ್ಚೇವ್ ಕಂಪನಿ ಕೈಜೋಡಿಸಿತು, ಅವರ ಹಣ ಬತ್ತಿದಾಗ ಕೈಬಿಟ್ಟಿತು. ನಾವೇ ಮುಂದುವರಿಸಿದೆವು. 14 ಸೀಟು, ಹಿಂಭಾಗದಲ್ಲಿ ಎರಡು ಎಂಜಿನ್, ಹಿಂದಕ್ಕೆ ಮುಖ ಮಾಡಿ ವಿಮಾನವನ್ನು ಮುಂದಕ್ಕೆ ತಳ್ಳುವ ಪ್ರೊಪೆಲ್ಲರುಗಳು, ಬಾಲ ‘ಟಿ’ ಆಕಾರದ್ದೇ. ಒಳಗೆ ಸದ್ದು ಕಡಿಮೆ ಇರಲಿ ಎಂಬ ಆಸೆ. ಹೆಸರು ಸಾರಸ್. 2004ರ ಮೇ 29ರಂದು ಕೆ.ಕೆ. ವೇಣುಗೋಪಾಲ್ ಮತ್ತು ಆರ್.ಎಸ್. ಮಕ್ಕರ್ ಅದನ್ನು ಮೊದಲು ಮೇಲಕ್ಕೆತ್ತಿದರು. ಲೆಕ್ಕ ಹಾಕಿದ್ದಕ್ಕಿಂತ ಮೈಭಾರ ವಿಪರೀತ ಹೆಚ್ಚಾಗಿತ್ತು. ಎರಡನೆಯ ಮಾದರಿಯಲ್ಲಿ ಒಂದಷ್ಟು ಭಾರ ಇಳಿಸಿ, ಒಂದೊಂದೂ 1,200 ಅಶ್ವಶಕ್ತಿಯ ಎಂಜಿನ್ ಹಾಕಿದರು. ಅದು 2007ರ ಏಪ್ರಿಲಿನಲ್ಲಿ ಹಾರಿತು.

2009ರ ಮಾರ್ಚ್ 6, ಶುಕ್ರವಾರ. ಆ ಎರಡನೆಯ ಮಾದರಿಯ 49ನೇ ಹಾರಾಟ. ಒಳಗೆ ವಿಂಗ್ ಕಮಾಂಡರ್ ಪ್ರವೀಣ್ ಕೋಟೇಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಹಾರಾಟ ಪರೀಕ್ಷೆಯ ಎಂಜಿನಿಯರ್ ಸ್ಕ್ವಾಡ್ರನ್ ಲೀಡರ್ ಇಳಯರಾಜ. ಮೂವರೂ ವಾಯುಪಡೆಯವರು. ಮೂರು ಗಂಟೆಗೆ ಸ್ವಲ್ಪ ಮೊದಲು ಎಚ್‌ಎಎಲ್‌ನಿಂದ ಎದ್ದ ವಿಮಾನ, ಒಂದೇ ಎಂಜಿನ್‌ನಲ್ಲಿ ಇಳಿಯುವಂತೆ ಬಂದು ಇಳಿಯದೆ ಮೇಲೇರುವ ಅಭ್ಯಾಸ ಮುಗಿಸಿ, ಊರಿನ ನೈರುತ್ಯಕ್ಕೆ ಹೋಗಿ 9,000 ಅಡಿ ಏರಿತು. ಕಾರ್ಡಿನಲ್ಲಿದ್ದ ಮುಂದಿನ ಕೆಲಸ: ಎಡಗಡೆಯ ಎಂಜಿನನ್ನು ಪೂರ್ತಿ ಆರಿಸಿ ಮತ್ತೆ ಹೊತ್ತಿಸುವುದು. ವಿಮಾನದ ಎತ್ತರವನ್ನು ಅಳೆಯುವುದು ಸಮುದ್ರಮಟ್ಟದಿಂದ. ಬೆಂಗಳೂರು ಸೀಮೆಯ ನೆಲವೇ ಸುಮಾರು 3,000 ಅಡಿ ಮೇಲಿದೆ. ಆದ್ದರಿಂದ ಅವರ ಕಾಲಡಿಗೆ ಇದ್ದದ್ದು ಹೆಚ್ಚುಕಡಿಮೆ 6,000 ಅಡಿಯ ಗಾಳಿ ಮಾತ್ರ.

ಇಲ್ಲಿ ಪ್ರೊಪೆಲ್ಲರ್ ಬಗ್ಗೆ ನಾಲ್ಕು ಮಾತು ಹೇಳಬೇಕು. ಅದರ ಅಲಗುಗಳು ತಮ್ಮ ಬುಡದಲ್ಲಿ ತಿರುಗಬಲ್ಲವು. ಎಂಜಿನ್ ಆರಿದಾಗ ಅವನ್ನು ಗಾಳಿಗೆ ಅಂಚು ತೋರುವಂತೆ ತಿರುಗಿಸಿಡುತ್ತಾರೆ, ಅದಕ್ಕೆ ಫೆದರ್ ಮಾಡುವುದು ಎನ್ನುತ್ತಾರೆ. ಗಾಳಿ ಬೀಸುವಾಗ ತಾರಸಿಯ ಮೇಲೆ ಜಿಂಕ್ ಶೀಟ್ ಹೊತ್ತು ನಡೆದವರಿಗೆ ಇದರ ಮರ್ಮ ಗೊತ್ತು: ಅಂಚು ಕೊಟ್ಟರೆ ಗಾಳಿ ಸುಮ್ಮನೆ ದಾಟುತ್ತದೆ, ಅಗಲ ಕೊಟ್ಟರೆ ಆಳನ್ನೇ ಎತ್ತಿ ಹಾಕುತ್ತದೆ. ಎಂಜಿನ್‌ಗೆ ಶಕ್ತಿ ಬರುವ ಮುಂಚೆಯೇ ಅಲಗುಗಳು ಅಗಲವನ್ನು ಗಾಳಿಗೆ ಒಡ್ಡಿದರೆ ವಿಮಾನದ ಒಂದು ಬದಿಗೆ ಭಾರಿ ಎಳೆತ ಹುಟ್ಟುತ್ತದೆ. ಮೂಗು ಆ ಕಡೆಗೆ ತಿರುಗುತ್ತದೆ, ಎತ್ತರ ಕರಗುತ್ತದೆ. ಹಾಗಾಗಿ ಎಂಜಿನ್ ಯಾವಾಗ, ಪ್ರೊಪೆಲ್ಲರ್ ಲಿವರ್ ಯಾವಾಗ ಎಂಬ ಕ್ರಮವೇ ಇಲ್ಲಿ ಜೀವ. ಹಿಂದುಮುಂದಾದರೆ ಕೈಚಳಕ ಎಷ್ಟಿದ್ದರೂ ಸರಿಪಡಿಸಲು ಎತ್ತರ ಸಾಕಾಗದು.

ಮೂರೂವರೆ ದಾಟಿದ ಮೇಲೆ ಸಂಪರ್ಕ ಕಡಿಯಿತು. ವಿಮಾನ ಬಿದ್ದದ್ದು ಬಿಡದಿ ಹತ್ತಿರದ ಶೇಷಗಿರಿಹಳ್ಳಿಯ ಬಯಲಿನಲ್ಲಿ. ಬಿಡದಿ ಎಂದರೆ ದಕ್ಷಿಣ ಬೆಂಗಳೂರಿನ ನಮಗೆ ಭಾನುವಾರದ ತಟ್ಟೆ ಇಡ್ಲಿ. ಮೈಸೂರು ರಸ್ತೆಯಲ್ಲಿ ಇಡ್ಲಿಗೆ ಕಾರು ನಿಲ್ಲಿಸುವವರಲ್ಲಿ ಎಷ್ಟು ಜನರಿಗೆ ಈ ಸಂಗತಿ ನೆನಪಿದೆಯೋ! ಮೂವರಲ್ಲಿ ಒಬ್ಬರೂ ಉಳಿಯಲಿಲ್ಲ.

ತನಿಖೆ ನಡೆಸಿದ, ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಮೂಲ ಕಾರಣವನ್ನು ಮುಚ್ಚುಮರೆಯಿಲ್ಲದೆ ಬರೆದಿದೆ: ವಿನ್ಯಾಸಕರು ರೂಪಿಸಿಕೊಟ್ಟ, ಎಂಜಿನ್ ಮರುಹೊತ್ತಿಸುವ ಕ್ರಮವೇ ತಪ್ಪಾಗಿತ್ತು. ಅದನ್ನು ಸಾಲದ ಎತ್ತರದಲ್ಲಿ ಪ್ರಯೋಗಿಸಿದ್ದರಿಂದ ವಿಮಾನ ವೇಗವಾಗಿ ಕೆಳಗಿಳಿದು ಅಂಕೆ ತಪ್ಪಿತು. ಪೂರಕ ಕಾರಣಗಳಲ್ಲಿ ಪೈಲಟ್‌ಗಳ ಪಾಲೂ ಇದೆ. ಅವರ ನಡುವಿನ ಹೊಂದಾಣಿಕೆ ಸಾಲದು, ಮೊದಲ ಯತ್ನ ಫಲಿಸದಿದ್ದಾಗ ನೆಲದ ಮೇಲಿನ ನಿರ್ದೇಶಕರ ಜತೆ ಮಾತಾಡಿಕೊಂಡು ಹಾರಾಟ ಕೈಬಿಡಬೇಕಿತ್ತು ಎಂದು ವರದಿ ಹೇಳುತ್ತದೆ. ಅದರಲ್ಲೇ ಇನ್ನೊಂದು ಸಾಲಿದೆ, ಓದುವವರು ಬೇಗ ದಾಟಿಬಿಡುವಂಥದ್ದು: ಈ ಕ್ರಮವನ್ನು ರೂಪಿಸುವಾಗ ಪ್ರೊಪೆಲ್ಲರ್ ತಯಾರಿಸಿದ ಕಂಪನಿಯನ್ನು ಕೇಳಿರಲಿಲ್ಲ.

ಈ ಸಾಲಿನ ಮುಂದೆ ನಾನು ಪ್ರತಿ ಸಲ ನಿಂತುಬಿಡುತ್ತೇನೆ. ಯಾರೋ ಹಣ ಕದ್ದದ್ದಲ್ಲ, ಕಳಪೆ ಬೋಲ್ಟು ಹಾಕಿದ್ದಲ್ಲ. ತಮ್ಮ ಯಂತ್ರದ ಬಗ್ಗೆ ತಮಗೇ ಹೆಚ್ಚು ಗೊತ್ತು ಎಂಬ ಸದುದ್ದೇಶದ ಆತ್ಮವಿಶ್ವಾಸ, ಅಷ್ಟೆ. ಕಚೇರಿಯಲ್ಲಿ ಕೆಲಸ ಮಾಡಿದ ನಮಗೆಲ್ಲ ಇದರ ಪರಿಚಯವಿದೆ. ಇನ್ನೊಬ್ಬರನ್ನು ಕೇಳಿದರೆ ಉತ್ತರ ಬರಲು ವಾರಗಳಾಗುತ್ತವೆ, ಅಷ್ಟರಲ್ಲಿ ಮೇಲಿನವರು ಪ್ರಗತಿ ಎಷ್ಟು ಎಂದು ಕೇಳುತ್ತಾರೆ, ಸರಿ ನಾವೇ ಬರೆದುಬಿಡೋಣ. ನಮ್ಮ ಕಡತದಲ್ಲಿ ಇದರಿಂದ ಆಗುವ ನಷ್ಟ ಒಂದು ಆಡಿಟ್ ಆಕ್ಷೇಪಣೆ. ಟೆಸ್ಟ್ ಪೈಲಟ್‌ನ ತೊಡೆಯ ಮೇಲಿನ ಕಾರ್ಡಿಗೆ ಬಂದಾಗ ಅದು ಬೇರೆ ಬಾಬ್ತು.

ನಮ್ಮವರಷ್ಟೇ ಹೀಗೆ ಎಂದುಕೊಳ್ಳುವುದೂ ಬೇಡ, ಆ ಕೀಳರಿಮೆ ನಮಗೆ ಸುಲಭವಾಗಿ ಬರುತ್ತದೆ. ಎರಡೇ ವರ್ಷದ ಮೇಲೆ, 2011ರ ಏಪ್ರಿಲ್ 2ರಂದು, ಅಮೆರಿಕದ ರಾಸ್‌ವೆಲ್‌ನಲ್ಲಿ ಗಲ್ಫ್‌ಸ್ಟ್ರೀಮ್ ಕಂಪನಿಯ ಜಿ650 ಜೆಟ್ಟು ಒಂದೇ ಎಂಜಿನ್‌ನಲ್ಲಿ ಟೇಕಾಫ್ ಮಾಡುವ ಪರೀಕ್ಷೆಯಲ್ಲಿ ರೆಕ್ಕೆ ನೆಲಕ್ಕೆ ತಾಗಿ ಉರಿಯಿತು. ನಾಲ್ವರು ಸತ್ತರು. ತನಿಖೆ ಬಿಚ್ಚಿದ್ದು ಏನನ್ನು? ನೆಲಕ್ಕೆ ಸಮೀಪ ಹಾರುವಾಗ ರೆಕ್ಕೆ ಯಾವ ಕೋನದಲ್ಲಿ ಸ್ಟಾಲ್ ಆಗುತ್ತದೆ ಎಂಬುದನ್ನು ಕಂಪನಿ ತಪ್ಪಾಗಿ ಅಂದಾಜಿಸಿತ್ತು. ಕಾರ್ಡಿನಲ್ಲಿ ಬರೆದಿದ್ದ ಟೇಕಾಫ್ ವೇಗ ಸಾಧ್ಯವೇ ಇರಲಿಲ್ಲ. ಅದನ್ನು ಸಾಧಿಸಲು ಪೈಲಟ್‌ಗಳು ಮತ್ತೆ ಮತ್ತೆ ಬೇರೆ ಬೇರೆ ಬಗೆಯಲ್ಲಿ ಮೂಗು ಎತ್ತಿ ನೋಡುತ್ತಿದ್ದರು. ಹಿಂದೆ ಎರಡು ಸಲ ಅದೇ ಬಗೆಯ ವಾಲುವಿಕೆ ಕಾಣಿಸಿಕೊಂಡಿತ್ತು, ಅದರ ಬುಡಕ್ಕೆ ಯಾರೂ ಹೋಗಿರಲಿಲ್ಲ. ವೇಳಾಪಟ್ಟಿಯ ಒತ್ತಡವೂ ಇತ್ತು. ಹಣ, ಅನುಭವ, ಕಂಪ್ಯೂಟರು ಯಾವುದಕ್ಕೂ ಕೊರತೆಯಿಲ್ಲದ ಕಂಪನಿಯ ಕಥೆ ಇದು.

ಲಿತ್‌ಗೋನ ಸಾವಿಗೂ ಈ ಎರಡಕ್ಕೂ ನನ್ನ ಪ್ರಕಾರ ಅಜಗಜಾಂತರ. ಅವನು ಆವತ್ತು ಯಾರಿಗೂ ಪೂರ್ತಿ ಗೊತ್ತಿಲ್ಲದ ಕಡೆಗೆ ಹೋಗಿ ಸತ್ತ. ಬಿಡದಿಯಲ್ಲೂ ರಾಸ್‌ವೆಲ್‌ನಲ್ಲೂ ಗೊತ್ತಿರುವವರು ಭೂಮಿಯ ಮೇಲೆ ಇದ್ದರು, ಅಥವಾ ಗೊತ್ತುಮಾಡಿಕೊಳ್ಳುವ ದಾರಿ ಇತ್ತು. ಅದು ಕಾರ್ಡಿಗೆ ತಲುಪಲಿಲ್ಲ. ಅಪಘಾತವಾದಾಗ ನಾವು ಎರಡೇ ಮಾತು ಬಲ್ಲೆವು: ಪೈಲಟ್ ಹುತಾತ್ಮ, ಇಲ್ಲವೇ ಪೈಲಟ್‌ನ ತಪ್ಪು. ಮೊದಲನೆಯದಕ್ಕೆ ಹೂಮಾಲೆ, ಎರಡನೆಯದಕ್ಕೆ ಮೌನ. ಎರಡರಲ್ಲೂ ಕಾರ್ಡು ಬರೆದ ಮೇಜು ಕಣ್ಣಿಗೆ ಬೀಳುವುದಿಲ್ಲ. ಸಾರಸ್ ವರದಿಯ ಗುಣವೆಂದರೆ ಅದು ಆ ಮೇಜನ್ನು ಮೊದಲ ಸಾಲಿನಲ್ಲೇ ತೋರಿಸಿತು. ಸರ್ಕಾರದ ಒಂದು ಅಂಗ ಇನ್ನೊಂದು ಅಂಗದ ಬಗ್ಗೆ ಹೀಗೆ ಬರೆಯುವುದು ನಮ್ಮಲ್ಲಿ ದಿನನಿತ್ಯದ ಸಂಗತಿಯಲ್ಲ.

ಪೈಲಟ್‌ಗಳೇ ಕಾರ್ಡನ್ನು ತಿದ್ದಬಾರದೇ? ತಿದ್ದುತ್ತಾರೆ. ಅದಕ್ಕೇ ಅವರಿಗೆ ಪಾಠ. ನಮ್ಮ ವಾಯುಪಡೆಯ ವಿಮಾನ ಪರೀಕ್ಷಾ ಸಂಸ್ಥೆ ಎಎಸ್‌ಟಿಇ ಎಚ್‌ಎಎಲ್ ರನ್‌ವೇ ಬದಿಯಲ್ಲೇ ಇದೆ. ಕಾನ್ಪುರದಲ್ಲಿ ಸಣ್ಣ ಘಟಕವಾಗಿದ್ದದ್ದು ಎಪ್ಪತ್ತರ ದಶಕದ ಆರಂಭದಲ್ಲಿ ಈ ಹೆಸರು ಪಡೆದು ಬೆಂಗಳೂರಿಗೆ ಬಂತು. ಟೆಸ್ಟ್ ಪೈಲಟ್ ಶಾಲೆ ಅದರೊಳಗೇ ಇದೆ. ದಾಸ್ ಕಾಲದಲ್ಲಿ ಇಂಗ್ಲೆಂಡಿಗೆ ಹೋಗಿ ಕಲಿಯಬೇಕಿದ್ದದ್ದನ್ನು ಈಗ ಇಲ್ಲೇ ಸುಮಾರು ಒಂದು ವರ್ಷ ಕಲಿಸುತ್ತಾರೆ. ಅರ್ಧ ಹಾರಾಟ, ಅರ್ಧ ಗಣಿತ ಮತ್ತು ವರದಿ ಬರೆಯುವ ಕೆಲಸ. ಹಾರಾಟ ಪರೀಕ್ಷೆಯ ಎಂಜಿನಿಯರುಗಳೂ ಅದೇ ಶಾಲೆಯಲ್ಲಿ ಕಲಿಯುತ್ತಾರೆ. ಬಾಹ್ಯಾಕಾಶಕ್ಕೆ ಹೋಗಿಬಂದ ರಾಕೇಶ್ ಶರ್ಮಾ ಮುಂದೆ ಎಚ್‌ಎಎಲ್‌ನಲ್ಲಿ ಟೆಸ್ಟ್ ಪೈಲಟ್ ಆಗಿದ್ದವರು. ಗಗನಯಾನಕ್ಕೆ ಆರಿಸಿದ ನಾಲ್ವರೂ ಇದೇ ಕಸುಬಿನವರು. ಆದರೆ ವಿಮಾನವೇ ಹೊಸದಾಗಿದ್ದಾಗ ಪೈಲಟ್‌ನ ಅನುಭವ ವಿನ್ಯಾಸಕರ ಕಾಗದವನ್ನು ನಂಬಲೇಬೇಕಾಗುತ್ತದೆ. ಆ ಪ್ರೊಪೆಲ್ಲರ್ ಆ ಎಂಜಿನ್‌ಗೆ ಜೋಡಿಯಾಗಿ ಹಿಂದುಮುಖವಾಗಿ ಹೇಗೆ ವರ್ತಿಸುತ್ತದೆ ಎಂಬುದು ಯಾರ ಮೈಗೂ ಅಂಟಿರುವುದಿಲ್ಲ.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ಪ್ರಯಾಣಿಕರ ವಿಮಾನ ದೊಡ್ಡದಾದ್ದರಿಂದ ಪರೀಕ್ಷೆಯಲ್ಲಿ ವಿಜ್ಞಾನಿಗಳೂ ಒಳಗೆ ಕೂರುತ್ತಾರೆ. ಕಾನ್ಪುರದಲ್ಲಿ ಕಟ್ಟಿದ ಆವ್ರೋ ಎಂಬ ಪ್ರಯಾಣಿಕ ವಿಮಾನದ ಬೆನ್ನ ಮೇಲೆ ರಾಡಾರಿನ ದೊಡ್ಡ ತಟ್ಟೆ ಕೂರಿಸಿ ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯದವರು ಪರೀಕ್ಷಿಸುತ್ತಿದ್ದರು. 1999ರ ಜನವರಿ 11ರಂದು ಅರಕ್ಕೋಣಂ ಬಳಿ ಆ ತಟ್ಟೆ ಕಳಚಿ ವಿಮಾನ ಬಿತ್ತು. ಸತ್ತ ಎಂಟು ಮಂದಿಯಲ್ಲಿ ನಾಲ್ವರು ವಿಜ್ಞಾನಿಗಳು. ತಾವು ರೂಪಿಸಿದ್ದರ ಒಳಗೆ ತಾವೇ ಕೂತಿದ್ದವರು. ಮೇಜಿನವರನ್ನು ನಾನು ಇಷ್ಟು ಹೊತ್ತು ದೂರಿದ್ದು ಅತಿಯಾಯಿತು ಎನ್ನುವವರಿಗೆ ಈ ನಾಲ್ವರ ನೆನಪು ಉತ್ತರವಾಗಬಹುದು, ನನ್ನ ವಾದಕ್ಕೆ ತಿದ್ದುಪಡಿಯೂ ಆಗಬಹುದು.

ಸಾರಸ್ ಅಲ್ಲಿಗೆ ಮುಗಿಯಿತು ಎಂದೇ ಎಲ್ಲರೂ ಬರೆದರು. ವರ್ಷಗಟ್ಟಲೆ ಹ್ಯಾಂಗರಿನಲ್ಲಿ ನಿಂತಿದ್ದ ಮೊದಲ ಮಾದರಿಯನ್ನು ಬಿಚ್ಚಿ, ತಿದ್ದಿ, 2018ರ ಜನವರಿ 24ರಂದು ಮತ್ತೆ ಹಾರಿಸಿದರು. ಒಳಗೆ ಎಎಸ್‌ಟಿಇಯ ಮೂವರು: ಯು.ಪಿ. ಸಿಂಗ್, ಆರ್.ವಿ. ಪಣಿಕ್ಕರ್, ಕೆ.ಪಿ. ಭಟ್. 8,500 ಅಡಿ ಎತ್ತರದಲ್ಲಿ 40 ನಿಮಿಷ. ಒಂಬತ್ತು ವರ್ಷದ ಹಿಂದೆ ಇದೇ ವಿಮಾನದ ತಮ್ಮನಂತಿದ್ದ ಇನ್ನೊಂದರಲ್ಲಿ ಏನಾಯಿತೆಂದು ಚೆನ್ನಾಗಿ ಗೊತ್ತಿದ್ದೂ ಆ ಮೂವರು ಹತ್ತಿ ಕೂತರು. ಮೊದಲ ಹಾರಾಟದ ಚಿತ್ರಗಳು ಪತ್ರಿಕೆಯ ಮುಖಪುಟಕ್ಕೆ ಬಂದವು. 49ನೇ ಹಾರಾಟದ್ದು ಯಾವ ಪತ್ರಿಕೆಗೂ ಬರುವುದಿಲ್ಲ, ಏನಾದರೂ ಆದರೆ ಮಾತ್ರ.

ಈಗ 19 ಸೀಟಿನ ಸಾರಸ್ ಮಾರ್ಕ್-2 ಎಂಬ ಯೋಜನೆ ಇದೆ. ಅದು ಯಾವತ್ತು ಬರುತ್ತದೋ ಬರಲಿ. ಎರಡು ಎಂಜಿನ್‌ನ ಯಾವ ಪ್ರಯಾಣಿಕ ವಿಮಾನಕ್ಕೂ, ಆಕಾಶದಲ್ಲಿ ಒಂದನ್ನು ಆರಿಸಿ ಮತ್ತೆ ಹೊತ್ತಿಸಿ ತೋರಿಸದೆ ಪ್ರಮಾಣಪತ್ರ ಸಿಗದು. ಮಾರ್ಕ್-2ಕ್ಕೂ ಒಂದು ದಿನ ಆ ಕಾರ್ಡು ಬರೆಯಬೇಕಾಗುತ್ತದೆ. ಅದಕ್ಕೆ ಸಹಿ ಬೀಳುವ ಮುಂಚೆ ಪ್ರೊಪೆಲ್ಲರ್ ಕಂಪನಿಯ ಉತ್ತರ ಕಡತದಲ್ಲಿದೆಯೇ ಎಂದು ಕೇಳುವ ಹಕ್ಕು ಪೈಲಟ್‌ಗೆ ಲಿಖಿತವಾಗಿ ಇರಲಿ, ಇಲ್ಲವೆಂದಾದರೆ ಆವತ್ತಿನ ಹಾರಾಟ ರದ್ದು ಮಾಡಿದವನ ಮೇಲೆ ಯಾರೂ ಕಣ್ಣು ಕೆಂಪಗೆ ಮಾಡದಿರಲಿ. ಇಷ್ಟು ಹೇಳಿ ಮೈಕನ್ನು ಅಧ್ಯಕ್ಷರಿಗೆ ಕೊಡುತ್ತೇನೆ. ಮುಂದಿನ ಸಾಲುಗಳಲ್ಲಿ ಕೂತ ನಿವೃತ್ತ ಎಂಜಿನಿಯರುಗಳು ಆಗಲೇ ಕೈ ಎತ್ತಿದ್ದಾರೆ.